ದೆಹಲಿಯ ಪತ್ರಾಗಾರವೂ ನಮ್ಮ ಮನೆಯ ಪೆಟ್ಟಿಗೆಯೂ

ಉತ್ತರ ದೇಶದ ಪ್ರವಾಸವೆಂದೊಡನೆ ನಮ್ಮ ಮನೆತನಗಳವರ ಮನಸ್ಸು ಮೊದಲು ಓಡುವುದು ಕಾಶಿಯ ಜಂಗಮವಾಡಿ ಮಠದ ಕಡೆಗೆ, ಆಮೇಲೆ ಕೇದಾರದ ಕಡೆಗೆ. ನಡುವೆ ದೆಹಲಿಯಲ್ಲಿ ಒಂದು ದಿನ ತಂಗಿದವರು ಕೆಂಪುಕೋಟೆ, ಕುತುಬ್ ಮಿನಾರ್, ರಾಜಘಾಟಗಳನ್ನು ನೋಡಿ, ಇಂಡಿಯಾ ಗೇಟಿನೆದುರು ಭಾವಚಿತ್ರ ತೆಗೆಸಿಕೊಂಡು ಮುಂದಕ್ಕೆ ಹೊರಡುವುದು ವಾಡಿಕೆ. ಆ ಇಂಡಿಯಾ ಗೇಟಿನಿಂದ ರಾಷ್ಟ್ರಪತಿ ಭವನದ ದಿಕ್ಕಿಗೆ ಕರ್ತವ್ಯಪಥದಲ್ಲಿ ನಡೆದರೆ ಜನಪಥವು ಅಡ್ಡ ಬರುವ ಒಂದು ದೊಡ್ಡ ಕೂಡುರಸ್ತೆ ಸಿಗುತ್ತದೆ. ಅಲ್ಲಿ ಎತ್ತರದ ಕಂಬಗಳ ಸಾಲುಳ್ಳ, ಕೆಂಪು ಮತ್ತು ನಸುಹಳದಿ ಮರಳುಗಲ್ಲಿನ ಗಂಭೀರವಾದ ಕಟ್ಟಡವೊಂದು ನಿಂತಿದೆ. ಅದರ ಮುಂದೆ ಯಾತ್ರಿಕರ ಬಸ್ಸು ನಿಲ್ಲುವುದು ಅಪರೂಪ. ಅದು ನಮ್ಮ ದೇಶದ ರಾಷ್ಟ್ರೀಯ ಪತ್ರಾಗಾರ.

ಪತ್ರಾಗಾರವೆಂದರೆ ಗ್ರಂಥಾಲಯವಲ್ಲ. ಗ್ರಂಥಾಲಯದಲ್ಲಿರುವುದು ಅಚ್ಚಾದ ಪುಸ್ತಕ. ಒಂದು ಕಡೆ ಕಳೆದುಹೋದರೆ ಇನ್ನೊಂದು ಕಡೆ ಸಿಕ್ಕೀತು. ಪತ್ರಾಗಾರದಲ್ಲಿರುವುದು ಆಳಿದವರು ಆಳುವಾಗಲೇ ಬರೆದ ಕಾಗದ: ಪತ್ರ, ಉತ್ತರ, ಅರ್ಜಿ, ಆಜ್ಞೆ, ಲೆಕ್ಕ, ವರದಿ. ಅವುಗಳಲ್ಲಿ ಬಹುಪಾಲು ಒಂದೇ ಒಂದು ಪ್ರತಿಯಾಗಿ ಉಳಿದಿರುವಂಥವು. ನಮ್ಮ ಹಿರಿಯರು ಕಡತವೆಂದು ಕರೆದದ್ದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಮಸಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವನ್ನು. ಇಂದು ಕಚೇರಿಯ ಫೈಲಿಗೂ ಅದೇ ಹೆಸರು ಉಳಿದಿದೆ. ವಸ್ತು ಹೋದರೂ ಮಾತು ಉಳಿಯಿತು. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಹೀಗೆ ಮಾತಾದರೂ ಉಳಿಯುತ್ತದೆಂಬ ಭರವಸೆಯಿಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ.

ನಾವು ದೆಹಲಿಗೆ ಹೋದದ್ದು ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನಲ್ಲಿ. ಜೊತೆಗೆ ಇತಿಹಾಸದಲ್ಲಿ ಎಂ.ಎ. ಮುಗಿಸಿದ ಶಿಷ್ಯರೊಬ್ಬರಿದ್ದರು. ಎರಡು ರಾತ್ರಿಗಳ ಪ್ರಯಾಣ. ಕೃಷ್ಣೆಯನ್ನೂ ಭೀಮೆಯನ್ನೂ ದಾಟಿ, ನರ್ಮದೆಯನ್ನು ಕಂಡು, ಚಂಬಲ್ ಕಣಿವೆಯ ಕೊರಕಲುಗಳನ್ನು ಹಾದು ಹೋಗುವ ಆ ದಾರಿಯಲ್ಲಿ ನಮಗೆ ಮತ್ತೆ ಮತ್ತೆ ಅನಿಸುತ್ತಿದ್ದುದು ಒಂದೇ: ತುಂಗಭದ್ರೆಯ ದಡದಲ್ಲಿ ನಡೆದ ಸಂಗತಿಯನ್ನು ತಿಳಿಯಲು ಯಮುನೆಯ ದಡಕ್ಕೆ ಹೋಗಬೇಕಾಗಿ ಬಂದಿತಲ್ಲ! ಶಿಷ್ಯರೂ ಅದನ್ನೇ ಕೇಳಿದರು: “ಗುರುಗಳೇ, ನಮ್ಮ ಊರಿನ ಕಾಗದ ಅಷ್ಟು ದೂರ ಹೇಗೆ ಹೋಯಿತು?” ಈ ಪ್ರಶ್ನೆಗೆ ಉತ್ತರ ತಿಳಿದವರಿಗೆ ಪತ್ರಾಗಾರದ ಬಾಗಿಲು ಅರ್ಧ ತೆರೆದಂತೆಯೇ ಸರಿ.

ನಾವು ಅರಸಿ ಹೊರಟಿದ್ದು 1830 ಮತ್ತು 1831ರಲ್ಲಿ ನಡೆದ ನಗರದ ರೈತರ ದಂಗೆಯ ವಿಚಾರವನ್ನು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿಯು 1763ರಲ್ಲಿ ಗೆದ್ದುಕೊಂಡ ಮೇಲೆ ಅದಕ್ಕೆ ನಗರವೆಂಬ ಹೆಸರು ನಿಂತಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಸೀಮೆಯ ರೈತರು ಕಂದಾಯದ ಭಾರವನ್ನೂ ಅಮಲ್ದಾರರ ಉಪದ್ರವವನ್ನೂ ತಾಳಲಾರದೆ ಕೂಟ ಸೇರಿದರು. ಬೂದಿ ಬಸಪ್ಪನೆಂಬಾತನು ತಾನು ನಗರದ ಅರಸು ವಂಶದವನೆಂದು ಹೇಳಿಕೊಂಡು ಮುಂದೆ ಬಂದನು. ಹೊನ್ನಾಳಿ, ಬಸವಾಪಟ್ಟಣಗಳ ಕಡೆಯಿಂದ ಎದ್ದ ಆ ಕಿಚ್ಚು ಮಲೆನಾಡನ್ನೆಲ್ಲ ವ್ಯಾಪಿಸಿತು. ಅದನ್ನು ಸೇನೆಯಿಂದ ಅಡಗಿಸಲಾಯಿತು, ಅನೇಕರು ಗಲ್ಲಿಗೇರಿದರು. ಇದನ್ನೇ ಕಾರಣವಾಗಿ ಮುಂದೊಡ್ಡಿ ಗವರ್ನರ್ ಜನರಲ್ ಲಾರ್ಡ್ ಬೆಂಟಿಂಕನು 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪೆನಿ ಸರ್ಕಾರದ ಕೈಗೆ ತೆಗೆದುಕೊಂಡನು. ಅದು ಮರಳಿ ಒಡೆಯರ ಮನೆತನಕ್ಕೆ ಬಂದದ್ದು 1881ರಲ್ಲಿ. ಒಂದು ಸೀಮೆಯ ರೈತರ ಸಂಕಟ ಇಡೀ ರಾಜ್ಯದ 50 ವರ್ಷಗಳನ್ನು ಬದಲಿಸಿತೆಂದಾಯಿತು.

ಆ ಕಾಲದಲ್ಲಿ ಕಾಗದ ನಡೆದ ದಾರಿ ಹೀಗಿತ್ತು. ಮೈಸೂರಿನಲ್ಲಿದ್ದ ಕಂಪೆನಿಯ ರೆಸಿಡೆಂಟನು ಮದರಾಸಿಗೆ ಬರೆಯುವನು. ಮದರಾಸಿನ ಸರ್ಕಾರ ಅದರ ನಕಲನ್ನು ಕಲಕತ್ತೆಯ ಗವರ್ನರ್ ಜನರಲನ ಸಭೆಗೆ ಕಳುಹಿಸುವುದು. ಅಲ್ಲಿಂದ ಮತ್ತೊಂದು ನಕಲು ಹಡಗೇರಿ ಲಂಡನ್ನಿನಲ್ಲಿದ್ದ ಕಂಪೆನಿಯ ನಿರ್ದೇಶಕರಿಗೆ ಹೋಗುವುದು. ಆದುದರಿಂದ ಹೊನ್ನಾಳಿಯ ಒಂದು ಸುದ್ದಿ ಇಂದು ಚೆನ್ನೈಯ ಎಳುಂಬೂರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿಯೂ, ದೆಹಲಿಯಲ್ಲಿಯೂ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಮೂರು ರೂಪಗಳಲ್ಲಿ ಸಿಗುವ ಸಂಭವವುಂಟು. ಕಲಕತ್ತೆಯ ಕಂತೆಗಳು ದೆಹಲಿಗೆ ಬಂದ ಕಥೆಯೂ ತಿಳಿಯತಕ್ಕದ್ದು. ಸರ್ಕಾರದ ಹಳೆಯ ಕಾಗದಗಳನ್ನೆಲ್ಲ ಒಂದೆಡೆ ಕೂಡಿಸುವ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ 1891ರ ಮಾರ್ಚ್ 11ರಂದು ಕಲಕತ್ತೆಯಲ್ಲಿ ಆರಂಭವಾಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಜಿ.ಡಬ್ಲ್ಯು. ಫಾರೆಸ್ಟ್ ಅದರ ಮೊದಲ ಅಧಿಕಾರಿ. 1911ರಲ್ಲಿ ರಾಜಧಾನಿ ದೆಹಲಿಗೆ ಬಂದಿತು. ಲುಟ್ಯೆನ್ಸ್ ಎಂಬ ಶಿಲ್ಪಿಯು ಯೋಜಿಸಿದ ಈ ಕಟ್ಟಡ 1926ರಲ್ಲಿ ಸಿದ್ಧವಾಯಿತು. ಆ ಕೂಡುರಸ್ತೆಯಲ್ಲಿ ಇಂಥ ನಾಲ್ಕು ಭವನಗಳನ್ನು ಕಟ್ಟುವ ಸಂಕಲ್ಪವಿತ್ತಂತೆ, ಮೇಲೆದ್ದದ್ದು ಇದೊಂದೇ. ಕಲಕತ್ತೆಯ ಕಾಗದಗಳೆಲ್ಲ ಇಲ್ಲಿಗೆ ಬಂದು ಮುಗಿಯುವಷ್ಟರಲ್ಲಿ 1937 ಆಗಿತ್ತು. ಸ್ವಾತಂತ್ರ್ಯಾನಂತರ ಸಂಸ್ಥೆಗೆ ಇಂದಿನ ಹೆಸರು ಬಂದಿತು.

ಇಲ್ಲಿ 1748ರಿಂದ ಮೊದಲ್ಗೊಂಡು ಸರ್ಕಾರದ ಕಾಗದಗಳ ಸಾಲು ಎಡೆಬಿಡದೆ ನಡೆದುಬಂದಿದೆ. ಇಂಗ್ಲಿಷಲ್ಲದೆ ಫಾರಸಿ, ಅರಬ್ಬಿ, ಸಂಸ್ಕೃತ, ಉರ್ದು, ಹಿಂದಿ ಭಾಷೆಗಳ ಬರಹಗಳಿವೆ. ಕಾಗದದ ಜೊತೆಗೆ ತಾಳೆಗರಿಯೂ ಭೂರ್ಜಪತ್ರವೂ ಇವೆ. 1931ರಲ್ಲಿ ಗಿಲ್ಗಿಟ್ ಸೀಮೆಯಲ್ಲಿ ದೊರೆತ, ಸುಮಾರು 1500 ವರ್ಷಗಳಷ್ಟು ಹಳೆಯ ಬೌದ್ಧ ಹಸ್ತಪ್ರತಿಗಳು ಇಲ್ಲಿಯೇ ರಕ್ಷಿತವಾಗಿವೆ. ಮರದ ತೊಗಟೆಯ ಮೇಲೆ ಬರೆದ ಅಕ್ಷರ ಅಷ್ಟು ಶತಮಾನ ಬಾಳಿತೆಂಬುದನ್ನು ನೆನೆದಾಗ ನಮ್ಮ ತಾಡವೋಲೆಗಳ ಗತಿ ಕಣ್ಣೆದುರು ಬಂದು ಮನಸ್ಸು ಭಾರವಾಯಿತು.

ಒಳಗೆ ಹೋಗುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ನಮ್ಮವರಲ್ಲಿ ಅನೇಕರ ಭಾವನೆ. ಅದು ಹಾಗಲ್ಲ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ, 30 ವರ್ಷ ಮೀರಿದ, ಗೋಪ್ಯವೆಂದು ವರ್ಗೀಕರಿಸದ, ಪತ್ರಾಗಾರಕ್ಕೆ ಬಂದು ಸೇರಿದ ಕಾಗದಗಳನ್ನು ನಿಯಮಗಳಿಗೆ ಒಳಪಟ್ಟು ಪ್ರಾಮಾಣಿಕ ಸಂಶೋಧಕರಿಗೆ ತೋರಿಸಲು ಅವಕಾಶವಿದೆ. ಗುರುತಿನ ಚೀಟಿಯೊಡನೆ ಅರ್ಜಿಯ ನಮೂನೆಯನ್ನು ತುಂಬಿ, ಯಾವ ವಿಷಯದ ಸಂಶೋಧನೆಯೆಂದು ಬರೆದುಕೊಡಬೇಕು. ವಿದ್ಯಾಪೀಠದಿಂದಲೋ ಸಂಸ್ಥೆಯಿಂದಲೋ ಒಂದು ಪರಿಚಯಪತ್ರವಿದ್ದರೆ ಇನ್ನೂ ಅನುಕೂಲ. ಅದೇ ಅಧಿನಿಯಮದಲ್ಲಿ ಸರ್ಕಾರಿ ದಾಖಲೆಗಳನ್ನು ನಿಯಮ ಮೀರಿ ನಾಶಪಡಿಸಿದವರಿಗೆ 5 ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯನ್ನೂ ಹೇಳಿದೆ. ಹಳೆಯ ಕಾಗದವೆಂದರೆ ರದ್ದಿಯಲ್ಲ, ಪ್ರಜೆಗಳ ಸೊತ್ತು ಎಂಬುದು ಇದರ ತಾತ್ಪರ್ಯ.

ವಾಚನಾಲಯದ ಶಿಸ್ತು ನಮಗೆ ಮಠದ ಪಾಠಶಾಲೆಯನ್ನು ನೆನಪಿಗೆ ತಂದಿತು. ಅಲ್ಲಿಯೂ ಓಲೆಯ ಕಟ್ಟನ್ನು ಬಿಚ್ಚುವ ಮುನ್ನ ಕೈತೊಳೆದು, ಒರೆಸಿಕೊಂಡು, ಎರಡೂ ಕೈಗಳಿಂದ ಎತ್ತಬೇಕಾಗಿತ್ತು. ಇಲ್ಲಿ ಮೊದಲು ಸೂಚಿಗಳನ್ನು ನೋಡಿ, ಬೇಕಾದ ಕಡತದ ಇಲಾಖೆ, ವರ್ಷ, ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಕಾಯಬೇಕು. ಕಪಾಟಿನ ಬಳಿಗೆ ನಾವೇ ಹೋಗುವಂತಿಲ್ಲ. ಪುಟ ಮಗುಚುವಾಗ ಬೆರಳಿಗೆ ಎಂಜಲು ಹಚ್ಚಬಾರದು. ಕಾಗದದ ಮೇಲೆ ಮೊಣಕೈ ಊರಬಾರದು. ಟಿಪ್ಪಣಿಗೆ ಶಾಯಿಗಿಂತ ಸೀಸದಕಡ್ಡಿ ಲೇಸು. ತೀರ ಜೀರ್ಣವಾದುದನ್ನು ಕೈಗೆ ಕೊಡದೆ, ಇದ್ದರೆ ಅದರ ಮೈಕ್ರೋಫಿಲ್ಮನ್ನೋ ಗಣಕಯಂತ್ರದ ಪ್ರತಿಯನ್ನೋ ತೋರಿಸುವುದುಂಟು. ಈಗ ಅಭಿಲೇಖ ಪಟಲವೆಂಬ ಅಂತರಜಾಲ ತಾಣದಲ್ಲಿ ಪತ್ರಾಗಾರದ ಸೂಚಿಗಳನ್ನೂ ಅಸಂಖ್ಯ ಪುಟಗಳನ್ನೂ ಮನೆಯಲ್ಲಿ ಕುಳಿತೇ ನೋಡಬಹುದಾಗಿದೆ. ದೆಹಲಿಗೆ ಹೋಗುವ ಮೊದಲು ಅಲ್ಲಿ ಕೆಲವು ವಾರ ಹುಡುಕುವುದು ಜಾಣತನ. ಹಣವೂ ಉಳಿಯುವುದು, ಪ್ರಶ್ನೆಯೂ ತಿಳಿಯಾಗುವುದು.

ಹುಡುಕುವವರಿಗೆ ಎರಡು ಗಂಟುಗಳು ಎದುರಾಗುತ್ತವೆ. ಮೊದಲನೆಯದು ಹೆಸರಿನ ಗಂಟು. ಆಂಗ್ಲ ಬರಹಗಾರರು ತಮ್ಮ ಕಿವಿಗೆ ಕೇಳಿದಂತೆ ನಮ್ಮ ಊರುಗಳನ್ನು ಬರೆದಿದ್ದಾರೆ. ನಗರವು ನಗ್ಗರ್ ಆಗಿದೆ; ಬಿದನೂರು ಬೆಡ್ನೋರ್; ಚಿತ್ರದುರ್ಗವು ಚಿಟಲ್‌ಡ್ರೂಗ್; ಜಂಗಮರು ಜಂಗಮ್ ಎಂದೂ ಗೌಡರು ಗೌಡ್ ಎಂದೂ ಹತ್ತು ಬಗೆಯ ಕಾಗುಣಿತಗಳಲ್ಲಿ ಕಾಣುತ್ತಾರೆ. ಇಂದಿನ ಕಾಗುಣಿತದಲ್ಲಿ ಅರಸಿದವರಿಗೆ ಏನೂ ಇಲ್ಲವೆಂದೇ ತೋರುವುದು. ಎರಡನೆಯದು ದಿನಾಂಕದ ಗಂಟು. ಕಂಪೆನಿಯ ಕಾಲದ ಕಾಗದಗಳನ್ನು ಪತ್ರ ಬರೆದ ದಿನದಂತೆ ಜೋಡಿಸಿಲ್ಲ. ಕಲಕತ್ತೆಯ ಸಭೆ ಅದನ್ನು ಪರಿಶೀಲಿಸಿದ ದಿನದಂತೆ ಜೋಡಿಸಿದೆ. ಸುಗ್ಗಿಯಲ್ಲಿ ನಡೆದ ಸಂಗತಿಯನ್ನು ಮುಂದಿನ ಮಳೆಗಾಲದ ಕಂತೆಯಲ್ಲಿ ಹುಡುಕಬೇಕಾದೀತು. ಈ ಎರಡು ಗಂಟುಗಳನ್ನು ಬಿಡಿಸಿಕೊಂಡವರಿಗೆ ಕಂತೆಗಳು ತಾವಾಗಿಯೇ ಮಾತನಾಡತೊಡಗುತ್ತವೆ.

ನಮ್ಮ ಹುಡುಕಾಟದ ಹಿಂದೆ ಇನ್ನೊಂದು ಕಾರಣವಿತ್ತು. ಹೊನ್ನಾಳಿ ಸೀಮೆಯ ಒಂದು ಮನೆತನದಲ್ಲಿ, ತಮ್ಮ ಹಿರಿಯರೊಬ್ಬರು ಆ ದಂಗೆಯಲ್ಲಿ ಗಲ್ಲಿಗೇರಿದರೆಂಬ ಮಾತು ಏಳು ತಲೆಮಾರುಗಳಿಂದ ನಡೆದುಬಂದಿದೆ. ಆ ಮನೆಯ ಅಜ್ಜಿಯವರು ನಾವು ದೆಹಲಿಗೆ ಹೊರಟ ಸುದ್ದಿ ಕೇಳಿ ಹೀಗೆಂದಿದ್ದರು: “ನಮ್ಮ ಹಿರೇರ ಹೆಸ್ರು ಸರ್ಕಾರದ ಕಾಗದದಾಗೆ ಇರ್ಬೇಕಲ್ಲ ಅಯ್ನೋರೇ? ಗಲ್ಲಿಗೆ ಹಾಕ್ದೋರು ಬರ್ದಿಟ್ಕೊಳ್ದೆ ಇರ್ತಾರಾ?” ಆ ಮುಗ್ಧ ಪ್ರಶ್ನೆಯಲ್ಲಿ ಇತಿಹಾಸಶಾಸ್ತ್ರದ ಸಾರವೇ ಅಡಗಿತ್ತು.

ನಾವು ಎಂಟು ದಿನ ಬೆಳಗಿನಿಂದ ಸಂಜೆಯವರೆಗೆ ಕುಳಿತೆವು. ದಂಗೆಯ ಕಾರಣಗಳನ್ನು ವಿಚಾರಿಸಲು ಬೆಂಟಿಂಕನು ನೇಮಿಸಿದ ಸಮಿತಿಯಲ್ಲಿ ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಎಂಬ ನಾಲ್ವರಿದ್ದರು. ಅವರು ತಮ್ಮ ವರದಿಯನ್ನು ಒಪ್ಪಿಸಿದ್ದು 1833ರ ಡಿಸೆಂಬರಿನಲ್ಲಿ. ಇಷ್ಟು ಕಂದಾಯವನ್ನು ಎತ್ತಿಕೊಡುತ್ತೇನೆಂದು ಅಮಲ್ದಾರರಿಂದ ಮೊದಲೇ ಶರತ್ತು ಬರೆಸಿಕೊಳ್ಳುವ ಪದ್ಧತಿ ರೈತರ ಬೆನ್ನು ಮುರಿದ ಬಗೆಯನ್ನು ಅಂಥ ಕಾಗದಗಳಿಂದ ತಿಳಿಯಬಹುದು. ಸೇನಾಧಿಕಾರಿಗಳ ಹೆಸರುಗಳು ಹುದ್ದೆ ಸಹಿತ ಇವೆ. ದಿವಾನರು, ಫೌಜದಾರರು, ಪಾಳೆಯಗಾರರು, ದಂಗೆಯ ಮುಂದಾಳುಗಳು ಇವರೆಲ್ಲ ಹೆಸರಿನಿಂದ ಕಾಣಿಸಿಕೊಳ್ಳುತ್ತಾರೆ. ರೈತರು ಮಾತ್ರ ಬಹುತೇಕ ಕಡೆ ಗುಂಪಾಗಿ ಬರುತ್ತಾರೆ: ಇಷ್ಟು ಜನ ಕೂಡಿದ್ದರು, ಇಷ್ಟು ಜನ ಸಿಕ್ಕಿಬಿದ್ದರು, ಇಷ್ಟು ಜನಕ್ಕೆ ಶಿಕ್ಷೆಯಾಯಿತು. ಅವರ ಅಹವಾಲುಗಳು ನಮಗೆ ದೊರೆತಲ್ಲಿಯೂ ಅವು ಆಂಗ್ಲ ತರ್ಜುಮೆಯಲ್ಲಿದ್ದವು. ರೈತನೊಬ್ಬನು ಕಣ್ಣೀರಿನೊಡನೆ ಆಡಿರಬಹುದಾದ ಕನ್ನಡ ಮಾತು, ಗುಮಾಸ್ತನ ಕೈಯಲ್ಲಿ ನಾಲ್ಕು ಸಾಲಿನ ವಿನೀತ ಇಂಗ್ಲಿಷಾಗಿ ತಣ್ಣಗೆ ಮಲಗಿತ್ತು.

ಅಜ್ಜಿಯವರು ಹೇಳಿದ ಹೆಸರು ನಾವು ನೋಡಿದ ಕಂತೆಗಳಲ್ಲಿ ಎಲ್ಲಿಯೂ ಬರಲಿಲ್ಲ. ಎಂಟನೆಯ ದಿನದ ಸಂಜೆ ಶಿಷ್ಯರು, “ಗಲ್ಲಿಗೆ ಹಾಕುವಾಗಲಾದರೂ ಹೆಸರು ಕೇಳಿರಬೇಕಲ್ಲವೆ?” ಎಂದರು. ಕೇಳಿರಬಹುದು. ಊರಿನಲ್ಲಿ ಕೇಳಿದ ಹೆಸರು ಮೈಸೂರಿಗೆ ಹೋಗುವಾಗ ಒಂದು ಪಟ್ಟಿಯಾಗಿ, ಮದರಾಸಿಗೆ ಹೋಗುವಾಗ ಒಂದು ಸಂಖ್ಯೆಯಾಗಿ, ಕಲಕತ್ತೆಗೆ ಹೋಗುವಾಗ ಒಂದು ವಾಕ್ಯವಾಗಿ ಸವೆದಿರಬಹುದು. ಕಾಗದ ದೂರ ನಡೆದಷ್ಟೂ ಸಣ್ಣ ಮನುಷ್ಯರು ಅದರಿಂದ ಉದುರಿಹೋಗುತ್ತಾರೆ. ಪತ್ರಾಗಾರವು ಸುಳ್ಳು ಹೇಳುವುದಿಲ್ಲ. ಆದರೆ ಬರೆದವನು ಏನನ್ನು ಬರೆಯತಕ್ಕದ್ದೆಂದು ತಿಳಿದನೋ ಅದನ್ನಷ್ಟೇ ಹೇಳುತ್ತದೆ.

ಹಾಗಾದರೆ ಹೆಸರು ಇದ್ದಿರಬಹುದಾದುದು ಎಲ್ಲಿ? ಊರಿನ ಶಾನುಭೋಗರ ಲೆಕ್ಕದಲ್ಲಿ, ಮಠದ ಬಿನ್ನವತ್ತಳೆಯಲ್ಲಿ, ಆ ಮನೆಯದೇ ಕಂದಾಯದ ರಸೀತಿಯಲ್ಲಿ, ಸಾಲಪತ್ರದಲ್ಲಿ, ಪಾಲುಪಟ್ಟಿಯಲ್ಲಿ. ಊರಿಗೆ ಮರಳಿದ ಮೇಲೆ ವಿಚಾರಿಸಿದೆವು. ಅಟ್ಟದ ಮೇಲೆ ಮರದ ಪೆಟ್ಟಿಗೆಯೊಂದು ಇದ್ದುದು ನಿಜ. ಅದರಲ್ಲಿ ಕಡತಗಳೂ ಓಲೆಕಟ್ಟುಗಳೂ ಇದ್ದುವು. ಹೊಸ ಮನೆ ಕಟ್ಟುವಾಗ, ಓದಲು ಬಾರದ ಅಕ್ಷರವನ್ನು ಕಸಕ್ಕೆ ಹಾಕಿದರೆ ದೋಷವೆಂದು ಭಕ್ತಿಯಿಂದಲೇ ಪೂಜೆಮಾಡಿ, ಎಲ್ಲವನ್ನೂ ತುಂಗಭದ್ರೆಗೆ ಬಿಟ್ಟರಂತೆ. ಸರ್ಕಾರ ಹೆಸರನ್ನು ಬರೆದಿಡಲಿಲ್ಲ. ಮನೆ ಬರೆದಿಟ್ಟುದನ್ನು ಉಳಿಸಿಕೊಳ್ಳಲಿಲ್ಲ. ಉಳಿದದ್ದು ಅಜ್ಜಿಯವರ ನಾಲಗೆಯ ಮೇಲಿನ ಹೆಸರೊಂದೇ. ಅವರು ಹೇಳಿದುದನ್ನು ಹೇಳಿದಂತೆ, ಹೇಳಿದವರ ವಯಸ್ಸು, ಕೇಳಿದ ದಿನ, ಸಾಕ್ಷಿಗೆ ಕುಳಿತವರ ಹೆಸರುಗಳೊಡನೆ ಬರೆದುಕೊಂಡು ಮನೆಯವರಿಗೆ ಒಂದು ಪ್ರತಿ ಕೊಟ್ಟೆವು. ಅವರ ಇಚ್ಛೆಯಂತೆ ಹೆಸರನ್ನು ಇಲ್ಲಿ ಕಾಣಿಸಿಲ್ಲ. ಅದು ಪ್ರಮಾಣವಾಗದಿರಬಹುದು, ಆದರೆ ನಾಳೆ ಚೆನ್ನೈಯಲ್ಲಿಯೋ ಲಂಡನ್ನಿನಲ್ಲಿಯೋ ಒಂದು ಪಟ್ಟಿ ಸಿಕ್ಕಿದರೆ ತಾಳೆ ನೋಡಲು ಒಂದು ಆಧಾರವಾದೀತು.

ನಮ್ಮ ಸಮಾಜಕ್ಕೆ ಇದು ಹೊಸ ಪಾಠವಲ್ಲ. ವಚನಗಳು ನಮಗೆ ದೊರೆತದ್ದು ಯಾವ ಸರ್ಕಾರದ ಪತ್ರಾಗಾರದಿಂದ? ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳನ್ನು ತಿರುಗಿ, ಜನರು ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ಓಲೆಗಳನ್ನು ಕೂಡಿಸಿ, ಪ್ರತಿಮಾಡಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅವರು ಬರುವ ಮೊದಲೇ ಆ ಮನೆಗಳವರು ಓಲೆಗಳನ್ನು ಹೊಳೆಗೆ ಬಿಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂಬುದನ್ನು ಓದುಗ ಬಂಧುಗಳು ಯೋಚಿಸಬೇಕು.

ಆದಕಾರಣ ತಮ್ಮ ಮನೆತನದ, ಊರಿನ, ಮಠದ ಚರಿತ್ರೆಯನ್ನು ತಿಳಿಯಬಯಸುವ ತರುಣರಿಗೆ ನಾವು ಹೇಳುವುದಿಷ್ಟು. ಆ ವರ್ಷದಲ್ಲಿ ನಿಮ್ಮ ಊರನ್ನು ಆಳುತ್ತಿದ್ದವರು ಯಾರೆಂಬುದನ್ನು ಮೊದಲು ತಿಳಿಯಿರಿ. ಕಾಗದ ಅವರ ಹಿಂದೆ ಹೋಗಿರುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯವರು ಮುಂಬಯಿಯ ಪತ್ರಾಗಾರವನ್ನೂ ಪುಣೆಯ ಪೇಶ್ವೆ ದಫ್ತರವನ್ನೂ ನೋಡಬೇಕು. 1824ರ ಕಿತ್ತೂರಿನ ವಿಚಾರವನ್ನು ಅರಸುವವರು ಮುಂಬಯಿಯನ್ನು ಮರೆಯುವಂತಿಲ್ಲ. ಕಲಬುರಗಿ, ಬೀದರ, ರಾಯಚೂರಿನವರಿಗೆ ಹೈದರಾಬಾದು. ಬಳ್ಳಾರಿಯವರಿಗೆ ಚೆನ್ನೈ. ಹಳೆಯ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಕಲಕತ್ತೆಯ ಸರ್ಕಾರ ಕೈಹಾಕಿದ ದೊಡ್ಡ ಸಂಗತಿಗಳಿಗೆಲ್ಲ ದೆಹಲಿ. ಫಾರಸಿ, ಉರ್ದು ಹಾಗೂ ಮೋಡಿ ಅಕ್ಷರ ಓದಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಮಕ್ಕಳಲ್ಲಿ ಕೆಲವರಾದರೂ ಅವನ್ನು ಕಲಿತರೆ ಅದು ಸಮಾಜಕ್ಕೆ ಮಾಡಿದ ಸೇವೆಯೇ ಆದೀತು.

ತಾಯಂದಿರಿಗೂ ಮನೆಯ ಹಿರಿಯರಿಗೂ ಒಂದು ಬಿನ್ನಹ. ಮನೆ ಸಾರಿಸಿ ಸುಣ್ಣ ಬಳಿಯುವಾಗ ಹಳೆಯ ಪೆಟ್ಟಿಗೆ ಸಿಕ್ಕಿದರೆ ಆತುರಪಡಬೇಡಿರಿ. ಓದಲು ಬಾರದ ಕಾಗದ ಬೇಡವಾದ ಕಾಗದವಲ್ಲ. ಅದನ್ನು ಬಿಸಿಲಿಗೆ ಒಣಹಾಕಬೇಡಿರಿ; ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿರಿ; ಅಂಗಡಿಯಲ್ಲಿ ಬಿಸಿಮಾಡಿ ಪ್ಲಾಸ್ಟಿಕ್ ಹೊದಿಸಬೇಡಿರಿ, ಅದನ್ನು ಮತ್ತೆ ಬಿಡಿಸುವುದು ಅಸಾಧ್ಯವೆಂಬಷ್ಟು ಕಷ್ಟ. ಜೀರ್ಣಪತ್ರಕ್ಕೆ ಯಂತ್ರವಿಲ್ಲದೆ ಕೈಯಿಂದಲೇ ತೆಳುಪೊರೆಯನ್ನು ಹೊದಿಸುವ ಒಂದು ವಿಧಾನವನ್ನು ದೆಹಲಿಯ ಪತ್ರಾಗಾರದವರೇ ರೂಪಿಸಿದ್ದುಂಟು. ಅಂಥ ಕೆಲಸ ಬಲ್ಲವರಿಗೆ ಬಿಟ್ಟದ್ದು. ನಾವು ಮಾಡಬಹುದಾದುದು ಸುಲಭ. ಧೂಳನ್ನು ಮೆತ್ತನೆಯ ಕುಂಚದಿಂದ ಒರೆಸಿ, ತೆಳುವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ತೇವವೂ ಗೆದ್ದಲೂ ತಾಗದ ಎತ್ತರದಲ್ಲಿ ಇಡಿರಿ. ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆಸಿ, ಒಂದು ಪ್ರತಿಯನ್ನು ಹತ್ತಿರದ ವಿಶ್ವವಿದ್ಯಾಲಯಕ್ಕೋ ಮಠದ ಗ್ರಂಥಭಂಡಾರಕ್ಕೋ ಕೊಡಿರಿ. ಮೂಲ ಮನೆಯಲ್ಲಿಯೇ ಇರಲಿ.

ದೆಹಲಿಗೆ ಹೋಗುವ ಯಾತ್ರಿಕರು ಒಂದು ಗಂಟೆ ಬಿಡುವು ಮಾಡಿಕೊಂಡು ಜನಪಥದ ಆ ಕಂಬಸಾಲಿನ ಮುಂದೆ ನಿಂತು ಬಂದರೂ ಸಾರ್ಥಕವೇ. ಜೊತೆಗಿರುವ ಮಕ್ಕಳು ಇದೇನೆಂದು ಕೇಳಿದರೆ, ನಮ್ಮನ್ನು ಆಳಿದವರು ನಮ್ಮ ವಿಷಯದಲ್ಲಿ ಬರೆದಿಟ್ಟದ್ದು ಇಲ್ಲಿದೆಯೆಂದು ಹೇಳಿರಿ. ನಮ್ಮ ವಿಷಯದಲ್ಲಿ ನಾವೇ ಬರೆದುಕೊಂಡದ್ದು ಎಲ್ಲಿದೆಯೆಂದು ಅವರು ಮತ್ತೆ ಕೇಳುವರು. ಆಗ ಕೊಡಲು ಒಂದು ಉತ್ತರವಿರಬೇಕು.